ಒಳಗಿನಿಂದ ಎಳೆದ ಕೇಬಲ್

ಇದನ್ನು ಹೇಳಿದಾಗ ಹೆಂಡತಿ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಆಂಟೆನಾ ಕಟ್ಟುವ ಕೆಲಸದಲ್ಲಿ ಮಾವನೂ ನಾನೂ ಜೋಡಿ. ನಾನು ಮಹಡಿಯಿಂದ ಗೋಡೆಯ ತೂತಿಗೆ ಕೇಬಲ್ಲಿನ ಬೋಳು ತುದಿ ತೂರಿಸಿ, "ಎಳೀರಿ ಮಾವ" ಎಂದು ಕೂಗುತ್ತಿದ್ದೆ. ಅವರು ಒಳಗೆ ನಿಂತು ಎಳೆದು, ಸಾಕಾದಾಗ ಎರಡು ಸಲ ಜಗ್ಗುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೊಬ್ಬನೇ ಹತ್ತುವುದು, ಇಳಿಯುವುದು.

ಆ ಮಧ್ಯಾಹ್ನ ಒಂದು ಖಾಲಿ ಮನೆಯ ಮೇಲೆ ಆಂಟೆನಾ ಬಿಗಿದು, ಕೇಬಲ್ ತೂರಿಸಿ, ಅಭ್ಯಾಸಬಲದಿಂದ "ಎಳೀರಿ ಮಾವ" ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಕೇಬಲ್ ಅಂಗೈಯೊಳಗೆ ಸರಿಯತೊಡಗಿತು. ಸುಡುಬಿಸಿಲಲ್ಲಿ ಬಿದ್ದಿದ್ದ ಕೇಬಲ್ ತಣ್ಣಗಿತ್ತು. ಮಳೆನೀರು ಕೇಬಲ್ ಹಿಡಿದು ಒಳಗಿಳಿಯದಂತೆ ಹೊರಗೆ ಜೋಲಲು ಬಿಡುವಷ್ಟೇ ಉಳಿದಾಗ ಎರಡು ಸಲ ಜಗ್ಗಿ ನಿಂತಿತು.

ಕೆಳಗೆ ಮನೆಯೊಡತಿ ಅಂಗಳದಲ್ಲಿ ಕೂತಿದ್ದರು.

"ಒಳಗೆ ಯಾರಿದ್ದಾರಮ್ಮ?"

"ಯಾರಿರ್ತಾರಪ್ಪ? ಬೀಗ ಹಾಕಿದೆ, ಕೀ ನನ್ನ ಕೈಲೇ ಇದೆಯಲ್ಲ."

ಬೀಗ ತೆಗೆಸಿದೆ. ಧೂಳಿನ ಮೇಲೆ ಬೆಳಿಗ್ಗೆ ತೂತು ಕೊರೆಯಲು ಬಂದಿದ್ದ ನನ್ನ ಹೆಜ್ಜೆಗಳಷ್ಟೇ ಇದ್ದವು. ಕೇಬಲ್ ಮೂಲೆಯವರೆಗೂ ಬಂದಿತ್ತು, ಬೋಳಾಗಿದ್ದ ತುದಿಗೆ ಟಿವಿಗೆ ಸಿಕ್ಕಿಸುವ ಕನೆಕ್ಟರ್ ಒತ್ತಿ ಕೂರಿಸಿತ್ತು. ಅದನ್ನು ಒತ್ತಲು ನಮ್ಮಿಬ್ಬರಿಗೂ ಇದ್ದದ್ದು ಒಂದೇ ಇಕ್ಕಳ. ಅದು ಅಷ್ಟು ಹೊತ್ತೂ ನನ್ನ ಸೊಂಟದಲ್ಲೇ ಇತ್ತು.