ಮೂರು ಕರೆ, ಒಂದು ಬೀಗ

“ಗೋಡೆಯಾಚೆಯಿಂದ ಯಾರಾದ್ರೂ ಹೆಸರು ಹಿಡಿದು ಕರೆದ್ರೆ, ಮುಖ ಕಾಣೋ ತನಕ ಓಗೊಡಬೇಡ ಮಗಳೇ. ಮೂರನೇ ಸಲ ಓಗೊಟ್ಯೋ, ಅಲ್ಲಿ ಬೀಗ ಹಾಕ್ತಾರೆ. ಬೀಗ ಬಿತ್ತು ಅಂದ್ರೆ ಬಾಯಿ ಕಟ್ಟಿತು ಅಂತಲೇ.”

ಮನೆಮಂದಿಯೆಲ್ಲ ‘ದಾದಾ’ ಎಂದು ಕರೆಯುವ ಅಡುಗೆಯ ಮುದುಕಿ ಯಾಕೂತ್, ಹಬೆಯಾಡುವ ಕುಸ್‌ಕುಸ್ಸನ್ನು ಅಂಗೈಯಲ್ಲಿ ಉದುರಿಸುತ್ತ ಪಿಸುಗುಟ್ಟಿದಳು. ಶಾಮಾ ನಕ್ಕುಬಿಟ್ಟಳು.

“ಕಾಸಾಬ್ಲಾಂಕಾದಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡೋಳು ನಾನು, ದಾದಾ. ನಿಮ್ಮ ಈ ಸೆಫ್ರೂ ಊರಿನ ಬೀಗಕ್ಕೆ ಬೇಕಾದ್ರೆ ಎಣ್ಣೆ ಬಿಟ್ಟುಕೊಡ್ತೀನಿ.”

“ನಗು, ನಗು. ನಿನ್ನಜ್ಜನ ಹೆಣ ತೊಳೆದ ನೀರಲ್ಲಿ ನಿಮ್ಮತ್ತೆ ಬೀಗ ನೆನೆಹಾಕಿದ್ದನ್ನ ಈ ಕಣ್ಣಾರೆ ಕಂಡಿದ್ದೀನಿ.”

ತೀರಿಹೋದ ಮಗನ ಸ್ಥಾನದಲ್ಲಿ ಮೊಮ್ಮಗಳನ್ನು ನಿಲ್ಲಿಸಿ, ಅವನ ಪಾಲು ಪೂರ್ತಿ ಅವಳಿಗೆಂದು ಅಜ್ಜ ಉಯಿಲು ಬರೆಸಿದ್ದರು. ಅತ್ತೆ ಬತೂಲ್ ಅದನ್ನು ಅಡಗಿಸಿಟ್ಟಿದ್ದಳು. ಆದರೆ ಬರೆಸಿದ ದಿನ ಷಾಬಾನ್ ತಿಂಗಳ ಹದಿನೇಳು ಎಂಬುದನ್ನು ಅಜ್ಜ ಫೋನಿನಲ್ಲಿ ಶಾಮಾಗೆ ತಿಳಿಸಿಯೇ ಕಣ್ಣುಮುಚ್ಚಿದ್ದರು. ವಾರಸುಪತ್ರ ಬರೆಯಲು ಮಧ್ಯಾಹ್ನ ಊರಿನ ಪತ್ರ ನೋಂದಾಯಿಸುವ ಅದೂಲ್ ಬರುವವನಿದ್ದ. ಆ ತಾರೀಖೊಂದನ್ನು ಉಸುರಿದರೆ ಸಾಕು, ಉಯಿಲುಗಳೆಲ್ಲ ತಾರೀಖಿನಂತೆ ದಾಖಲಾಗುವ ಅವನ ದಫ್ತರವೇ ಸಾಕ್ಷಿ ನುಡಿಯುತ್ತಿತ್ತು.

ತಲೆವಸ್ತ್ರ ತರಲೆಂದು ಅವಳು ಕಿಟಕಿಯಿಲ್ಲದ ಮೆಟ್ಟಿಲು ಹತ್ತಿದಳು. ನಡುಹಗಲಲ್ಲೂ ಅಲ್ಲಿ ಮಸಿಗತ್ತಲೆ. ಕರ್ಪೂರದ ವಾಸನೆ, ಅದರಡಿಯಲ್ಲಿ ಒದ್ದೆ ಕಬ್ಬಿಣದ ಕಮಟು.

“ಶಾಮಾ!” ಗೋಡೆಯಾಚೆಯಿಂದ ಅತ್ತೆಯ ದನಿ.

“ಬಂದೆ ಅತ್ತೆ.”

“ಶಾಮಾ!”

“ಬಂದೆ ಅತ್ತೆ.”

ಮೂರನೆಯ ಕರೆ ತೀರ ಹತ್ತಿರದಿಂದ, ಕಿವಿಗೆ ತಾಕುವಂತೆ ಬಂತು. ಮುದುಕಿಯ ಮಾತು ನೆನಪಾಗಿ ಶಾಮಾಗೆ ನಗು ಉಕ್ಕಿತು. ಬೇಕೆಂದೇ ದನಿಯೇರಿಸಿ ಕೂಗಿದಳು: “ಬಂದೆ ಅತ್ತೇ!”

ಕಟಕ್.

ನಗು ಗಂಟಲಲ್ಲೇ ನಿಂತಿತು.

ಅಂಗಳದಲ್ಲಿ ಹನ್ನೆರಡು ಸಾಕ್ಷಿಗಳು ಸಾಲಾಗಿ ಕುಳಿತಿದ್ದರು. ಅದೂಲ್ ಲೇಖನಿ ಎತ್ತಿ ಕೇಳಿದ: “ಸತ್ತವರು ಉಯಿಲು ಏನಾದ್ರೂ ಬರೆಸಿದ್ರಾ? ಗೊತ್ತಿದ್ದೋರು ಈಗಲೇ ಹೇಳಿಬಿಡಿ.”

ಶಾಮಾ ಎದ್ದಳು. ಬಾಯಿ ತೆರೆಯಲಿಲ್ಲ. ನಾಲಿಗೆಯ ಮೇಲೆ ತುಕ್ಕಿನ ರುಚಿ. ಹಲ್ಲು ಹಲ್ಲಿಗೆ ಬೆಸೆದಿತ್ತು. ಅದೂಲನ ಲೇಖನಿ ಕಸಿದಳು. ಬೆರಳು ಸೆಟೆದವು. ಲೇಖನಿ ಬಿತ್ತು. ಷಾಬಾನ್! ಹದಿನೇಳು! ತಲೆಯೊಳಗೆ ಚೀರಿದಳು. ಯಾರಿಗೂ ಕೇಳಲಿಲ್ಲ.

“ಪಾಪ, ಅಜ್ಜ ಅಂದ್ರೆ ಪ್ರಾಣ ಬಿಡೋಳು. ದುಃಖಕ್ಕೆ ಮಾತೇ ಹೊರಡ್ತಿಲ್ಲ,” ಎಂದಳು ಅತ್ತೆ, ತಲೆವಸ್ತ್ರದ ಅಂಚಿನಿಂದ ಕಣ್ಣೊರಸುತ್ತ. “ನೀವು ಬರ್ಕೊಳ್ಳಿ ಯಜಮಾನ್ರೇ.”

‘ಉಯಿಲಿಲ್ಲ. ತಕರಾರಿಲ್ಲ.’ ಹನ್ನೆರಡು ಹೆಬ್ಬೆರಳುಗಳು ಒಂದಾದಮೇಲೊಂದು ಮಸಿಯೊತ್ತಿದವು. ಅಡುಗೆಮನೆಯ ಬಾಗಿಲಲ್ಲಿ ಯಾಕೂತ್ ಮುಖ ತಿರುಗಿಸಿ ನಿಂತಳು.

ಎಲ್ಲರೂ ಹೋದರು. ಬತೂಲ್ ಬಾವಿಕಟ್ಟೆಗೆ ನಡೆದು ಮುಷ್ಟಿ ಬಿಚ್ಚಿದಳು. ಎಲ್ಲೋ ಆಳದಲ್ಲಿ ಪುಟ್ಟ ಬೀಗದ ಕೈಯೊಂದು ನೀರು ಮುಟ್ಟಿತು.

“ಶಾಮಾ!”

ಇಷ್ಟು ಹೊತ್ತು ಬೆಸೆದಿದ್ದ ಬಾಯಿ ತಾನಾಗಿ ತೆರೆಯಿತು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿರಲು, ಅದಕ್ಕೆ ಉಳಿದಿದ್ದ ಒಂದೇ ಒಂದು ಮಾತು ಹೊರಬಿತ್ತು.

“ಬಂದೆ ಅತ್ತೆ.”