ಬಿಸಿನೀರಿನ ಕೊಳದಲ್ಲಿ ಹನ್ನೊಂದು ಸಾವು

ಹನ್ನೊಂದು ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದ ಒಂಬತ್ತು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಬೆಳಗಿನ ಏಳು ಗಂಟೆ. ಅಣ್ಣ ಚಹಾದ ಲೋಟವನ್ನು ಕರ್ಚೀಫಿನಲ್ಲಿ ಹಿಡಿದು ಕೊಳದ ಕಟ್ಟೆಯ ಮೇಲೆ ಕುಸಿದು ಕೂತಿದ್ದ. ಅವನ ತಂಗಿ ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತಳಾದ ಇನ್‌ಸ್ಪೆಕ್ಟರಮ್ಮ. ಆರು ವರ್ಷಗಳ ಮೇಲೆ, ಹಿಂದಿನ ಸಂಜೆಯಷ್ಟೇ ಅಣ್ಣನ ಮನೆಗೆ ಬಂದಿದ್ದಳು.

"ಇದು ಸ್ಪ್ಯಾನರ್ ಕೆಲಸ. ಸ್ಟೇಷನ್ನಿಗೆ ಹೋಗಿ ದೂರು ಕೊಡ್ತೀನಿ," ಅಂದ ಅಣ್ಣ.

ಸ್ಪ್ಯಾನರ್ ಅಂದರೆ ಪಕ್ಕದ ಮನೆಯ ಮೆಕ್ಯಾನಿಕ್. ಅಣ್ಣನ ನಲವತ್ತು ವರ್ಷದ ಗೆಳೆಯ. ಅಪ್ಪನ ಮುದ್ರಣಾಲಯ ಮುಚ್ಚಿದ ಮೇಲೆ, ಆ ಖಾಲಿ ಹಾಲ್‌ನಲ್ಲಿ ಈ ಕೊಳ ಕಟ್ಟಿದ್ದೇ ಅಣ್ಣ, ತಂಗಿ, ಸ್ಪ್ಯಾನರ್ ಮೂವರೂ ಸೇರಿ.

"ಅವನು ಯಾಕೆ ಮಾಡ್ತಾನೆ?"

"ಮೊನ್ನೆ ಜಗಳ ಆಯ್ತು. ನೀರು ಕಾಯಿಸೋ ಹಳೇ ತಾಮ್ರದ ಕೊಳವೆ ಕಿತ್ತು ಕರೆಂಟ್ ಹೀಟರ್ ಹಾಕು ಅಂದ. ನಾನು ಒಪ್ಪಲಿಲ್ಲ. ನಿನ್ನ ಮೀನು ಒಂದಿನ ಸಾಯುತ್ತೆ ನೋಡ್ತಿರು ಅಂದ. ನಿನ್ನೆ ಮಧ್ಯಾಹ್ನ ನಾನಿಲ್ಲದಾಗ ಒಳಗೆ ಬಂದು ಹೋಗಿದ್ದಾನೆ."

"ಸಿಟ್ಟಲ್ಲಿ ಕುಯ್ದ ಮೂಗು ಆಮೇಲೆ ಅಂಟಲ್ಲ ಕಣೋ. ಒಂದು ಗಂಟೆ ಟೈಮ್ ಕೊಡು."

* * *

ಮೊದಲು ಥರ್ಮಾಮೀಟರ್ ನೋಡಿದಳು. ಇಪ್ಪತ್ತೇಳು ಡಿಗ್ರಿ. ಬಾಯ್ಲರ್ ಉರಿಯುತ್ತಿತ್ತು, ಪಂಪು ತಿರುಗುತ್ತಿತ್ತು. ಚಳಿಗೆ ಸತ್ತ ಮೀನುಗಳಲ್ಲ. ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿದಳು. ಬ್ಲೀಚಿಂಗ್ ಪುಡಿಯ ವಾಸನೆಯೂ ಇಲ್ಲ.

ಬೆಚ್ಚನೆಯ ನೀರು ಕೈಗೆ ತಾಗಿದ್ದೇ ತಡ, ಹಳೆಯದೆಲ್ಲ ನೆನಪಾಯಿತು. ಇಟ್ಟಿಗೆ ಹೊತ್ತು ಅಂಗೈ ಬೊಬ್ಬೆ ಎದ್ದದ್ದು. ನೆಲದ ತಂಪು ನೀರಿಗೆ ಏರದಂತೆ ಅಡಿಯಲ್ಲಿ ಥರ್ಮೊಕೋಲ್ ಹಾಸಿದ್ದು. ಕಪ್ಪು ರಬ್ಬರ್ ಹಾಳೆಯ ಸುಕ್ಕು ತೆಗೆಯಲು ಮೂವರೂ ಬರಿಗಾಲಲ್ಲಿ ಕುಣಿದಾಡಿದ್ದು. ಅಷ್ಟು ಸುಖ ಆಮೇಲೆ ಯಾವ ಬಡ್ತಿಯಲ್ಲೂ ಅವಳಿಗೆ ಸಿಕ್ಕಿರಲಿಲ್ಲ.

ಕಟ್ಟೆಯ ಅಂಚಿನಲ್ಲಿ ಬಸವನಹುಳುಗಳು ಕಂಡವು. ಒಂದೂ ಅಲುಗಲಿಲ್ಲ. ಮುಟ್ಟಿದರೆ ಚಿಪ್ಪು ಕಳಚಿ ಬಿತ್ತು.

* * *

ಸ್ಪ್ಯಾನರ್ ತನ್ನ ಶೆಡ್‌ನಲ್ಲಿ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತಲಿಲ್ಲ.

"ನಿನ್ನೆ ಯಾಕೆ ಹೋಗಿದ್ದೆ?"

"ಪಂಪು ಕಿರುಗುಡ್ತಿತ್ತು. ಎಣ್ಣೆ ಬಿಟ್ಟು ಬಂದೆ. ಜಗಳ ಅವನ ಜೊತೆ, ಪಂಪಿನ ಜೊತೆ ಅಲ್ವಲ್ಲ. ಬೆಳಿಗ್ಗೆ ಗೇಟಿನ ಹತ್ರ ಕೊಲೆಗಾರ ಅಂತ ಕೂಗಿ ಹೋದ, ಯಾಕೆ ಅಂತ ಹೇಳಲಿಲ್ಲ."

"ಹನ್ನೊಂದು ಮೀನು ಸತ್ತಿವೆ."

ಅವನ ಕೈಯಿಂದ ಬೋಲ್ಟು ಜಾರಿತು. "ಬಸವನಹುಳು ಹೇಗಿವೆ?"

"ಅವೂ ಸತ್ತಿವೆ. ಮೊದಲು ಅವನ್ನೇ ಯಾಕೆ ಕೇಳಿದೆ?"

"ನೀರಲ್ಲಿ ತಾಮ್ರ ಕರಗಿದ್ರೆ ಮೊದಲು ಹೋಗೋದು ಅವೇ. ಆದ್ರೆ ಆ ಕೊಳವೆ ಎಷ್ಟು ವರ್ಷದಿಂದ ಇದೆ, ಈಗ ಯಾಕೆ ಕರಗುತ್ತೆ?"

ವಿಷ ಹಾಕಿದವನು ವಿಷದ ಹೆಸರನ್ನು ತಾನಾಗಿ ಹೇಳುವುದಿಲ್ಲ. ಆಕೆ ಎದ್ದಳು.

* * *

ಕೊಳದ ಮೂಲೆಯ ಹಲಗೆಯ ಮರೆ ಸರಿಸಿದಳು. ಬಾಯ್ಲರಿನ ಬಿಸಿನೀರು ಹರಿದು ಕೊಳವನ್ನು ಕಾಯಿಸುವ ತಾಮ್ರದ ಸುರುಳಿ ಅಲ್ಲಿತ್ತು, ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಥಳಥಳ ಹೊಳೆಯುತ್ತ.

"ಕೈ ತೋರಿಸು," ಅಂದಳು ಅಣ್ಣನಿಗೆ.

"ಯಾಕೆ?"

"ಬೆಳಿಗ್ಗೆಯಿಂದ ಚಹಾದ ಲೋಟಾನ ಕರ್ಚೀಫಲ್ಲಿ ಹಿಡೀತಿದ್ದೀಯ."

ಬೆರಳ ತುದಿಗಳೆಲ್ಲ ಸುಲಿದು ಬೆಳ್ಳಗಾಗಿದ್ದವು. ಆಸಿಡ್ ತಾಗಿದ ಚರ್ಮ.

"ಸುರುಳಿ ಎತ್ತಿ ಆಸಿಡ್ ಹಾಕಿ ಉಜ್ಜಿದ್ದು ನೀನು. ಯಾವಾಗ?"

"ನಿನ್ನೆ ಬೆಳಿಗ್ಗೆ. ಚೆನ್ನಾಗಿ ತೊಳೆದೇ ಇಳಿಸಿದೆ."

"ಕೊಳ ಕಟ್ಟಿದಾಗ ಮೂರು ತಿಂಗಳು ಮೀನು ಬಿಡದೆ ಬರೀ ನೀರು ಕಾಯಿಸಿದ್ವಿ, ನೆನಪಿದೆಯಾ? ನಾವಿಬ್ಬರೂ ಗೊಣಗಿದ್ವಿ. ಕೊಳವೆಗೆ ಸುಣ್ಣ ಕಟ್ಟಲಿ ಅಂತ ಹಟ ಹಿಡಿದದ್ದು ಸ್ಪ್ಯಾನರ್. ನೀರಿನ ಸುಣ್ಣ ಕೂತು ಕೂತು ಆ ತಾಮ್ರಕ್ಕೆ ಹೊದಿಕೆ ಆಗಿತ್ತು. ಇಷ್ಟು ವರ್ಷ ಮೀನು ಬದುಕಿದ್ದು ಆ ಹೊದಿಕೆಯಿಂದ. ನೀನು ಅದನ್ನೇ ಉಜ್ಜಿ ತೆಗೆದೆ. ಬರಿ ತಾಮ್ರ ರಾತ್ರಿಯೆಲ್ಲ ನೀರಲ್ಲಿ ಕರಗಿದೆ."

ಅಣ್ಣ ತನ್ನ ಬೆರಳುಗಳನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡ.

"ಏನಕ್ಕೆ ಉಜ್ಜೋಕೆ ಹೋದೆ?"

"ನೀನು ಬರ್ತೀಯ ಅಂತ," ಅಂದ ಅವನು. "ಅವತ್ತು ಹೇಗಿತ್ತೋ ಹಾಗೇ ಕಾಣಲಿ ಅಂತ."

ಎಂತೆಂಥವರಿಂದಲೋ ತಪ್ಪೊಪ್ಪಿಗೆ ಬರೆಸಿಕೊಂಡವಳು ಆಕೆ. ಈ ತಪ್ಪೊಪ್ಪಿಗೆಯನ್ನು ಬರೆಸಿಕೊಳ್ಳಲಿಲ್ಲ. ಅಣ್ಣನ ಪಕ್ಕದಲ್ಲಿ ಕೂತು ಅವನ ಸುಲಿದ ಕೈ ಹಿಡಿದುಕೊಂಡಳು.

"ಒಂಬತ್ತು ಇನ್ನೂ ಉಸಿರಾಡ್ತಿವೆ," ಅಂದಳು. "ಸುರುಳಿ ತೆಗೀಬೇಕು, ನೀರು ಬದಲಿಸಬೇಕು. ನಮ್ಮಿಬ್ಬರಿಂದ ಆಗಲ್ಲ."

"ಯಾವ ಮುಖ ಇಟ್ಕೊಂಡು ಕರೀಲಿ? ಬೆಳಿಗ್ಗೆ ಗೇಟಿನ ಹತ್ರ ನಿಂತು ಕೊಲೆಗಾರ ಅಂದಿದ್ದೀನಿ."

"ಇರೋದು ಒಂದೇ ಮುಖ. ಅದನ್ನೇ ತಗೊಂಡು ಹೋಗು."

ಅಣ್ಣ ಹೋದ. ಕಿಟಕಿಯಿಂದ ಆಕೆ ನೋಡಿದಳು. ಶೆಡ್ಡಿನ ಬಾಗಿಲಲ್ಲಿ ನಿಂತು ಅವನು ಏನೋ ಹೇಳಿದ. ಎರಡೂ ಕೈ ಮುಂದೆ ಚಾಚಿ ತೋರಿಸಿದ. ಸ್ಪ್ಯಾನರ್ ಆ ಬೆರಳುಗಳನ್ನು ನೋಡಿ, ಒಳಗೆ ಹೋಗಿ ಮುಲಾಮಿನ ಡಬ್ಬಿ ತಂದು ಅವನ ಕೈಗೆ ತುರುಕಿದ. ಆಮೇಲೆ ಪೈಪಿನ ಸುತ್ತನ್ನು ಹೆಗಲಿಗೇರಿಸಿಕೊಂಡು ಬಂದ.

"ಪೂರ್ತಿ ಖಾಲಿ ಮಾಡ್ಬೇಡ," ಅಂದ ಒಳಗೆ ಬಂದವನೇ, ಕಣ್ಣು ಒರೆಸಿಕೊಳ್ಳುತ್ತ. "ಒಂದೇ ಸಲ ತಣ್ಣೀರು ಬಿಟ್ರೆ ಉಳಿದವೂ ಹೋಗ್ತವೆ. ಸ್ವಲ್ಪ ಸ್ವಲ್ಪ ಬದಲಿಸಿ ಕರೆಂಟ್ ಹೀಟರಲ್ಲಿ ಕಾಯಿಸ್ಬೇಕು. ಐದು ದಿನ ಆಗುತ್ತೆ, ಮೂರು ಜನ ಬೇಕು."

ಇಬ್ಬರೂ ಆಕೆಯತ್ತ ತಿರುಗಿದರು. ಇನ್‌ಸ್ಪೆಕ್ಟರಮ್ಮ ಆಗಲೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಚ್ಚುತ್ತಿದ್ದಳು.