ನಲವತ್ತು ನ್ಯಾನೋಮೀಟರು

"ನೋಡಿ, ಮತ್ತೆ ಜಾರ್ತಾ ಐತೆ!" ಪ್ರಮೀಳಾ ಪರದೆಯ ಕಡೆ ಕೈ ತೋರಿಸಿದಳು. ನಿಂತಲ್ಲಿ ನಿಲ್ಲಬೇಕಾದ ಹಸಿರು ಗೆರೆ ಮೆಲ್ಲಗೆ ಮೇಲಕ್ಕೆ ಹತ್ತುತ್ತಿತ್ತು.

"ಎಷ್ಟು ಜಾರೈತೆ ಮೇಡಂ?" ಮೈಕ್ರೋಸ್ಕೋಪಿಗೆ ಮೂಗು ತಾಗುವಷ್ಟು ಬಗ್ಗಿದ್ದ ಮೋಹನ್ ಕುಮಾರ ಕೇಳಿದ.

"ನಲವತ್ತು ನ್ಯಾನೋಮೀಟರು."

"ಅಂಗಂದ್ರೆ?"

"ನಿಮ್ದೊಂದು ತಲೆಗೂದ್ಲನ್ನ ಎರಡು ಸಾವಿರ ಸೀಳು ಮಾಡಿ. ಅದ್ರಲ್ಲಿ ಒಂದು ಸೀಳು."

"ಅಷ್ಟಕ್ಕೆ ಇಷ್ಟು ಬೈಗುಳವಾ?" ಎಂದು ಅವನು ನಕ್ಕ. ಆ ನಗು ಕಂಡರೆ ಬೈಯುವುದೇ ಮರೆತುಹೋಗುತ್ತದೆ, ಅದೇ ಅವಳ ಕಷ್ಟ.

ಪಾಂಡವಪುರದ ಕಾಲೇಜಿನ ಹಿಂಬದಿಯ ಈ ಲ್ಯಾಬಿನಲ್ಲಿ ಕೆ.ಆರ್.ಪೇಟೆ ಕಡೆಯ ರೈತರ ಮನೆಯ ಹುಡುಗಿ ಪ್ರಮೀಳಾ ಕಬ್ಬಿನ ಎಲೆಯ ಒಳಗಿನ ಕಣಗಳ ನಡುವಿನ ದೂರ ಅಳೆಯುತ್ತಿದ್ದಳು. ಎಲೆ ದಪ್ಪ, ಅದನ್ನು ಹಾದು ಬರುವ ಬೆಳಕು ಸೊಟ್ಟಗಾಗುತ್ತದೆ. ಗಂಜಾಂನಲ್ಲಿ ಕಾವೇರಿಯ ತಳದ ನಾಣ್ಯ ಅಲೆಗಳ ಕೆಳಗೆ ಕುಣಿದಂತೆ ಕಾಣುವುದಿಲ್ಲವೇ, ಹಾಗೆ. ಅವಳ ಮೈಕ್ರೋಸ್ಕೋಪಿನಲ್ಲೊಂದು ಬಾಗುವ ಕನ್ನಡಿ ಇತ್ತು. ಬೆಳಕು ಎಷ್ಟು ಸೊಟ್ಟವೋ ಅದಕ್ಕೆ ಸರಿಯಾಗಿ ತಾನು ಉಲ್ಟಾ ಬಾಗಿ, ಚಿತ್ರವನ್ನು ತಿಳಿ ಮಾಡಿಬಿಡುತ್ತಿತ್ತು. ಆದರೆ ಎಲೆ ಹಿಡಿದ ತಟ್ಟೆಯೇ ಜಾರಿದರೆ ಪಾಪ, ಕನ್ನಡಿ ಏನು ಮಾಡೀತು? ತಟ್ಟೆ ಜಾರಿದಷ್ಟೂ ಪರದೆಯ ಹಸಿರು ಗೆರೆ ಮೇಲೇರುತ್ತಿತ್ತು.

ಆ ಹಿತ್ತಾಳೆ ತಟ್ಟೆ ಮಾಡಿದವನು ನಾಗಮಂಗಲದ ಅಕ್ಕಸಾಲಿ ಮೋಹನ್ ಕುಮಾರ. ಎರಡು ಸಲ ತಂದು ಕೂರಿಸಿದ, ಎರಡು ಸಲವೂ ಜಾರಿತು, ವಾಪಸ್ ಒಯ್ದು ತಿದ್ದಿ ತಂದ. ಇದು ಮೂರನೆಯ ಸಲ. ಶುಕ್ರವಾರ ಮೈಸೂರಿನಿಂದ ಪ್ರೊಫೆಸರು ಬರುವವರಿದ್ದರು. ಅಂದು ಗೆರೆ ನಿಲ್ಲದಿದ್ದರೆ ಪ್ರಾಜೆಕ್ಟು ಅಲ್ಲಿಗೇ ಮುಗಿಯಿತು. ಇವತ್ತು ಬುಧವಾರ.

"ನಿಮ್ಮ ಕೈಲಾಗಲ್ಲ ಬುಡಿ," ಎಂದುಬಿಟ್ಟಳು ಪ್ರಮೀಳಾ.

ಅವನ ನಗು ಆರಿಹೋಯಿತು. ಮೂರು ತಲೆಮಾರಿನ ಕಸುಬು ಅವನದು. ಚಿಮಟ, ಅರ ಎಲ್ಲ ಚೀಲಕ್ಕೆ ತುಂಬಿಕೊಂಡು, "ಬೇರೆಯೋರ್ ಕೈಲಿ ಮಾಡಿಸ್ಕಳಿ ಮೇಡಂ," ಎಂದು ಹೊರಟೇಹೋದ. ತಟ್ಟೆಯನ್ನೂ ಬಿಟ್ಟುಹೋದ.

ಪ್ರಮೀಳಾ ಮೂಲೆಯ ಕಂಪ್ಯೂಟರಿನ ಮುಂದೆ ಕುಸಿದು ಕೂತಳು. ಅರ್ಧ ಗಂಟೆ ಕಳೆದು ತಲೆ ಎತ್ತಿದರೆ ಗೆರೆ ನೆಟ್ಟಗೆ ನಿಂತಿತ್ತು! ಎರಡು ಗಂಟೆಯಾದರೂ ಅಲುಗಲಿಲ್ಲ. ಖುಷಿಗೆ ಒಂದು ಸುತ್ತು ಕುಣಿದಳು. ಆಮೇಲೆ ತಾನಾಡಿದ ಮಾತು ನೆನಪಾಗಿ ಮುಖ ಬಿಸಿಯಾಯಿತು.

ಫೋನ್ ಮಾಡಿದಳು. "ನಿಮ್ಮ ತಟ್ಟೆ ನಿಂತದೆ ಕಣ್ರೀ. ತಪ್ಪಾಯ್ತು. ನಾಳೆ ಬಂದ್ ನೋಡಿ."

"ನಿಂತದಲ್ಲ, ಇನ್ ನಾನ್ಯಾಕೆ?"

"ಸುಮ್ನೆ ಬನ್ನಿ ಅಂದ್ರೆ."

ಗುರುವಾರ ಮೊದಲ ಬಸ್ಸಿಗೇ ಬಂದ. ಇಸ್ತ್ರಿ ಮಾಡಿದ ಅಂಗಿ. ಪ್ರಮೀಳಾ ಅದನ್ನು ನೋಡಿಯೂ ನೋಡದವಳಂತೆ ಇದ್ದಳು. ಅವನು ತಟ್ಟೆಯ ಹತ್ತಿರ ಬಗ್ಗಿದ. ಐದು ನಿಮಿಷಕ್ಕೆ ಗೆರೆ ಮೇಲಕ್ಕೆ ಹೊರಟಿತು.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಒಸಿ ಆಚೆ ನಿಂತ್ಕಳಿ," ಎಂದಳು. ಅವನು ಬಾಗಿಲಾಚೆ ಹೋದ, ಅವಳು ಕಂಪ್ಯೂಟರಿಗೆ ಹೋದಳು. ಗೆರೆ ಇಳಿದು ನಿಂತಿತು. "ಬನ್ನಿ" ಎಂದಳು. ಬಂದ. ಅವಳೂ ಪಕ್ಕಕ್ಕೆ ಬಂದು ನಿಂತಳು. ಗೆರೆ ಹತ್ತಿತು.

"ನಿಮ್ಮ ಮೈ ಬಿಸಿ! ಹಿತ್ತಾಳೆ ಕಾಯ್ದು ಹಿಗ್ತದೆ," ಪ್ರಮೀಳಾ ಬಿದ್ದು ಬಿದ್ದು ನಕ್ಕಳು. "ತಪ್ಪು ತಟ್ಟೇದಲ್ಲ, ನಿಮ್ದು."

"ಚಿನ್ನ ತೂಗುವಾಗ ನಾವು ಉಸ್ರು ಬಿಗಿ ಹಿಡೀತೀವಿ. ನನಗೇ ಒಳೀಲಿಲ್ವಲ್ಲ!" ಎಂದು ಹಣೆ ಚಚ್ಚಿಕೊಂಡು ಮತ್ತೆ ಬಾಗಿಲಿಗೆ ಹೋಗಿ ನಿಂತ. "ಈಗ ಸರಿಯಾಯ್ತಾ?"

ಗೆರೆ ಅರ್ಧಕ್ಕಿಳಿದು ಅಲ್ಲೇ ನಿಂತಿತ್ತು, ಪೂರ್ತಿ ಇಳಿಯಲೊಲ್ಲದು. ಮೋಹನ ಅದನ್ನು ನೋಡಿದ, ಅವಳನ್ನು ನೋಡಿದ. ಪ್ರಮೀಳಾ ತಟ್ಟೆಯ ಪಕ್ಕದಲ್ಲೇ ನಿಂತಿದ್ದಳು, ಅವನು ಎದ್ದುಹೋದ ಸ್ಟೂಲಿಗೆ ಕೈ ಇಟ್ಟುಕೊಂಡು.

"ಮೇಡಂ, ಒಬ್ರೇ ಇದ್ದಾಗ ನೀವು ಕೂರೋದು ಎಲ್ಲಿ?"

"ಅಲ್ಲಿ. ಮೂಲೇಲಿ."

"ಮತ್ತೆ ನಾನ್ ಬಂದಾಗೆಲ್ಲ ಇಲ್ಲಿಗ್ಯಾಕ್ ಬತ್ತೀರಿ?"

ಅವಳು ಸ್ಟೂಲನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. ಗೆರೆ ಮಾತ್ರ ನಾಚಿಕೆ ಬಿಟ್ಟು ಇನ್ನಷ್ಟು ಮೇಲೇರಿತು.

"ಅರ್ಧ ಬಿಸಿ ನಿಮ್ದೇ," ಎಂದ ಅವನು ಮೆಲ್ಲಗೆ. "ತಟ್ಟೇಲಿ ಏನೂ ಕುಂದಿಲ್ಲ ಅಂತ ನಂಗ್ ಎರಡನೇ ಸಲವೇ ಗೊತ್ತಿತ್ತು. ಆದ್ರೂ ವಾಪಸ್ ತಕಂಡೋದೆ. ಮತ್ತೆ ಬರಬೌದಲ್ಲ ಅಂತ."

ಪ್ರಮೀಳಾಳ ಎದೆ ಹಿತ್ತಾಳೆಗಿಂತ ಹೆಚ್ಚು ಹಿಗ್ಗಿತು.

"ನಿಮ್ಮಪ್ಪಾರು ಏನಂದಾರು? ನಾವು ಅಕ್ಕಸಾಲಿಗ್ರು."

"ಮೊದ್ಲು ಕೂಗಾಡ್ತಾರೆ. ಆಮೇಲೆ ಉಣ್ಣಕ್ ಕರೀತಾರೆ. ನೀವ್ ಮೊದ್ಲು ನಾಳೆ ಈ ರೂಮಿಗೆ ಕಾಲಿಡಬೇಡಿ, ಅಷ್ಟು ಸಾಕು."

ಶುಕ್ರವಾರ ಪ್ರೊಫೆಸರನ್ನೂ ಮೂಲೆಯಲ್ಲೇ ಕೂರಿಸಿದಳು. ಗೆರೆ ಒಂದು ಗಂಟೆ ಮಿಸುಕಲಿಲ್ಲ. ಅವರು ಎರಡೆರಡು ಸಲ ಕನ್ನಡಕ ಒರೆಸಿಕೊಂಡರು. "ಇನ್ನೆರಡು ವರ್ಷ ಮುಂದುವರಿಸಮ್ಮ," ಎಂದರು. ಆಮೇಲೆ ಕಿಟಕಿಯಾಚೆ, ಹೊಂಗೆ ಮರದ ಕೆಳಗೆ ಉಗುರು ಕಚ್ಚುತ್ತಿದ್ದವನನ್ನು ನೋಡಿ, "ಯಾರಮ್ಮ ಅದು, ಬೆಳಗಿನಿಂದ ಅಲ್ಲೇ ನಿಂತಿದ್ದಾರೆ?" ಎಂದು ಕೇಳಿದರು.

"ಈ ತಟ್ಟೆ ಮಾಡಿದವರು ಸಾರ್."

"ಹೌದಾ? ಒಳಗೆ ಕರೀಮ್ಮ, ಮಾತಾಡಬೇಕು."

"ಅವರು ಬಂದ್ರೆ ನಾನು ಮೂಲೇಲಿ ಕೂರಲ್ಲ ಸಾರ್, ಗೆರೆ ಕೆಡ್ತದೆ," ಎಂದಳು ಪ್ರಮೀಳಾ, ಕಿಟಕಿಯಾಚೆಗೂ ಕೇಳುವಷ್ಟು ಗಟ್ಟಿಯಾಗಿ. "ನಾನು ಮದ್ವೆ ಆಗೋರು ಅವರು. ನಾವೇ ಆಚೆ ಹೋಗೋಣ ಬನ್ನಿ."